ಬಿಗ್ ಫೋರ್ ಇಂಟರ್ನ್‌ಶಿಪ್: ಬೆಂಗಳೂರಿನ ಆ ಬಾಗಿಲು ತಾಲ್ಲೂಕಿನ ಮಕ್ಕಳಿಗೆ ಎಷ್ಟು ತೆರೆದಿದೆ?

ತಿಪಟೂರು: ಬೇಸಿಗೆ ಬಂತಂದ್ರೆ ಬಿಕಾಂ, ಬಿಬಿಎ ಓದುವ ಮಕ್ಕಳ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಒಂದೇ ಮಾತು, ಇಂಟರ್ನ್‌ಶಿಪ್. ಅದರಲ್ಲೂ ಡೆಲಾಯ್ಟ್, ಪಿಡಬ್ಲ್ಯೂಸಿ, ಇವೈ, ಕೆಪಿಎಂಜಿ ಅನ್ನೋ ನಾಲ್ಕು ಹೆಸರು. 'ಎರಡು ತಿಂಗಳು ಬೆಂಗಳೂರಲ್ಲಿ ಇರ್ಬೇಕು, ದುಡ್ಡು ಬೇಕು' ಅಂತ ಮಗನೋ ಮಗಳೋ ಕೇಳಿದಾಗ, ಕೊಬ್ಬರಿ ಮಂಡಿಯಲ್ಲೋ ಕಿರಾಣಿ ಅಂಗಡಿಯಲ್ಲೋ ಕೂತ ಅಪ್ಪನಿಗೆ ಬರೋ ಪ್ರಶ್ನೆ ಸರಳ: ಇದು ಕೆಲಸವೋ, ಕಲಿಕೆಯೋ, ಇಲ್ಲಾ ಯಾರೋ ಮಾಡ್ತಿರೋ ಮೋಸವೋ?

ಮೂರೂ ಇವೆ. ಯಾವುದು ಯಾವಾಗ ಅನ್ನೋದು ಗೊತ್ತಿದ್ದರೆ ಮನೆಯ ದುಡ್ಡೂ ಉಳಿಯುತ್ತೆ, ಮಕ್ಕಳ ಒಂದು ವರ್ಷವೂ ಉಳಿಯುತ್ತೆ.

ಯಾರಿವರು?

ಈ ನಾಲ್ಕೂ ಪ್ರಪಂಚದಾದ್ಯಂತ ಹರಡಿಕೊಂಡಿರುವ ಲೆಕ್ಕಪತ್ರ ಮತ್ತು ಸಲಹಾ ಸಂಸ್ಥೆಗಳು. ಹಿಂದೆ ಐದಿದ್ದವು. ಅಮೆರಿಕದ ಎನ್ರಾನ್ ಹಗರಣದ ನಂತರ 2002ರಲ್ಲಿ ಆರ್ಥರ್ ಆಂಡರ್ಸನ್ ಕುಸಿದುಬಿತ್ತು, ನಾಲ್ಕು ಉಳಿದವು. ಕಂಪನಿಗಳ ಲೆಕ್ಕ ತಪಾಸಣೆ, ತೆರಿಗೆ, ವ್ಯವಹಾರ ಸಲಹೆ, ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಬೆಲೆ ಕಟ್ಟುವುದು ಇವುಗಳ ಮುಖ್ಯ ಕೆಲಸ. ಬೆಂಗಳೂರಿನಲ್ಲಿ ನಾಲ್ಕಕ್ಕೂ ದೊಡ್ಡ ಕಚೇರಿಗಳಿವೆ.

ಇಲ್ಲೊಂದು ವಿಷಯ ತಿಳಿದಿರಲಿ. ನಮ್ಮ ದೇಶದಲ್ಲಿ ಕಂಪನಿಯ ಆಡಿಟ್ ವರದಿಗೆ ಸಹಿ ಹಾಕೋದು ಇಲ್ಲಿನ ಚಾರ್ಟರ್ಡ್ ಅಕೌಂಟೆಂಟ್ ಸಂಸ್ಥೆಯೇ ಆಗಿರಬೇಕು. ಹಾಗಾಗಿ ಇವೈ ಬಳಗದ ಆಡಿಟ್ ಕೆಲಸ ಎಸ್.ಆರ್. ಬಾಟ್ಲಿಬಾಯ್ ಹೆಸರಲ್ಲಿ, ಕೆಪಿಎಂಜಿ ಬಳಗದ್ದು ಬಿಎಸ್‌ಆರ್ ಹೆಸರಲ್ಲಿ ನಡೆಯುತ್ತೆ. ಆಫರ್ ಪತ್ರದಲ್ಲಿ ಈ ಹೆಸರು ಕಂಡರೆ ಅಷ್ಟಕ್ಕೇ ನಕಲಿ ಅಂತ ಗಾಬರಿ ಬೀಳಬೇಕಿಲ್ಲ.

ಒಳಗೆ ಮಾಡಿಸೋದೇನು?

ಹೊರಗಿನಿಂದ ಗಾಜಿನ ಕಟ್ಟಡ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಲ್ಯಾಪ್‌ಟಾಪ್. ಒಳಗಿನ ಕೆಲಸ ಬಹುಪಾಲು ನಮ್ಮ ಅಂಗಡಿಯವರಿಗೆ ಗೊತ್ತಿರೋದೇ.

ಆಡಿಟ್ ವಿಭಾಗಕ್ಕೆ ಹೋದ ಇಂಟರ್ನ್ ಬಿಲ್ ಮತ್ತು ಪುಸ್ತಕ ತಾಳೆ ನೋಡ್ತಾರೆ. ಬ್ಯಾಂಕ್ ಖಾತೆಯ ಲೆಕ್ಕಕ್ಕೂ ಕಂಪನಿಯ ಲೆಕ್ಕಕ್ಕೂ ವ್ಯತ್ಯಾಸ ಎಲ್ಲಿ ಬಂತು ಅಂತ ಹುಡುಕ್ತಾರೆ. ಗೋದಾಮಿಗೆ ಹೋಗಿ ಸರಕು ಎಣಿಸ್ತಾರೆ. ಮಂಡಿಯಲ್ಲಿ ಕೊಬ್ಬರಿ ಚೀಲ ಎಣಿಸಿ ಪುಸ್ತಕಕ್ಕೆ ಹೊಂದಿಸೋ ಕೆಲಸವೇ ಅದು. ಅಲ್ಲಿ ಚೀಲದ ಬದಲು ಟೈರು, ಔಷಧಿ ಡಬ್ಬ ಇರಬಹುದು. ತೆರಿಗೆ ವಿಭಾಗದಲ್ಲಿ ಜಿಎಸ್‌ಟಿ 2ಬಿ ಪಟ್ಟಿಗೂ ಖರೀದಿ ಬಿಲ್ಲಿಗೂ ತಾಳೆ ಹಾಕೋದು, ಹಳೆ ನೋಟಿಸುಗಳ ಕಡತ ಜೋಡಿಸೋದು. ಸಲಹಾ ವಿಭಾಗದಲ್ಲಿ ಮಾಹಿತಿ ಕಲೆಹಾಕಿ ಪ್ರೆಸೆಂಟೇಷನ್ ಮಾಡೋದು. ಅಲ್ಲಿ ಎಂಬಿಎ ವಿದ್ಯಾರ್ಥಿಗಳೇ ಹೆಚ್ಚು.

ಕೆಲಸ ಅದೇ ಆದರೂ ಮಾಡೋ ರೀತಿ ಬೇರೆ. ಎಲ್ಲವೂ ಎಕ್ಸೆಲ್‌ನಲ್ಲಿ, ಎಲ್ಲಕ್ಕೂ ಇಂಗ್ಲಿಷ್ ಇಮೇಲ್, ಏನು ನೋಡಿದ್ರೂ 'ಯಾರು ನೋಡಿದ್ರು, ಯಾವಾಗ, ಏನು ಸಿಕ್ತು' ಅಂತ ಬರೆದಿಡಬೇಕು. ಗ್ರಾಹಕ ಕಂಪನಿಯ ವಿಷಯ ಹೊರಗೆ ಬಾಯಿ ಬಿಡುವ ಹಾಗಿಲ್ಲ. ಆಡಿಟ್ ಮಾಡುವ ಕಂಪನಿಯ ಷೇರು ತಮ್ಮ ಹೆಸರಲ್ಲಿದ್ದರೆ ಮೊದಲೇ ತಿಳಿಸಬೇಕು. ಮೊಬೈಲ್ ಆ್ಯಪ್‌ನಲ್ಲಿ ಆಟಕ್ಕೆ ನಾಲ್ಕು ಷೇರು ಕೊಂಡ ಹುಡುಗರು ಇದನ್ನು ನೆನಪಿಡಬೇಕು.

ಅಂಗಡಿ ಲೆಕ್ಕ ನೋಡಿ ಬೆಳೆದ ಮಕ್ಕಳಿಗೆ ವಿಷಯ ಕಷ್ಟವಾಗಲ್ಲ. ಸೋಲೋದು ಎಕ್ಸೆಲ್ ಮತ್ತು ಇಮೇಲ್‌ನಲ್ಲಿ. ಇವೆರಡೂ ಊರಲ್ಲೇ ಕೂತು ಕಲಿಯೋ ವಿದ್ಯೆಗಳು.

ಎರಡು ತಿಂಗಳ ಸಂದರ್ಶನ

ಬೇಸಿಗೆ ಇಂಟರ್ನ್‌ಶಿಪ್ ಸಾಮಾನ್ಯವಾಗಿ ಎಂಟರಿಂದ ಹತ್ತು ವಾರ. ಹೆಸರಿಗೆ ತರಬೇತಿ, ವಾಸ್ತವದಲ್ಲಿ ಅದು ಎರಡು ತಿಂಗಳ ಸಂದರ್ಶನ. ಸಮಯಕ್ಕೆ ಬರ್ತಾರಾ, ಗೊತ್ತಿಲ್ಲದ್ದನ್ನು ಕೇಳ್ತಾರಾ, ತಪ್ಪಾದ್ರೆ ಮುಚ್ಚಿಡ್ತಾರಾ ಎಲ್ಲವನ್ನೂ ಗಮನಿಸ್ತಾರೆ. ಮೆಚ್ಚುಗೆಯಾದವರಿಗೆ ಓದು ಮುಗಿಯುವ ಮೊದಲೇ ಕೆಲಸದ ಪತ್ರ ಸಿಗುತ್ತೆ. ಇದನ್ನೇ ಪಿಪಿಒ ಅಂತಾರೆ. ಹೀಗೆ ಕೆಲವು ಹುದ್ದೆ ಮೊದಲೇ ತುಂಬಿ ಹೋದ ಮೇಲೆ ಉಳಿದವರು ಅರ್ಜಿ ಹಾಕೋದು ಮಿಕ್ಕಿದ್ದಕ್ಕೆ. ಇಂಟರ್ನ್‌ಶಿಪ್‌ಗೆ ಇಷ್ಟು ಬೆಲೆ ಬಂದಿರೋದು ಅದಕ್ಕೇ.

ಆ ಹುದ್ದೆಗಳೂ ಬಿಗಿಯಾಗ್ತಿವೆ. ಈ ನಾಲ್ಕು ಸಂಸ್ಥೆಗಳು ಬ್ರಿಟನ್‌ನಲ್ಲಿ ಹೊಸ ಪದವೀಧರರ ನೇಮಕ ತಗ್ಗಿಸಿದ್ದನ್ನು 2025ರಲ್ಲಿ ಅಲ್ಲಿನ ಪತ್ರಿಕೆಗಳು ವರದಿ ಮಾಡಿದವು. ಬಿಲ್ ತಾಳೆ ಹಾಕುವಂಥ ಮೊದಲ ಮೆಟ್ಟಿಲಿನ ಕೆಲಸವನ್ನು ಸಾಫ್ಟ್‌ವೇರ್, ಎಐ ಮಾಡತೊಡಗಿವೆ.

ಬಾಗಿಲು ಇರೋದೆಲ್ಲಿ?

ತಾಲ್ಲೂಕಿನ ಮಕ್ಕಳಿಗೆ ತೊಡಕು ಬುದ್ಧಿಯದ್ದಲ್ಲ, ಕಾಲೇಜಿನ ವಿಳಾಸದ್ದು. ಈ ಸಂಸ್ಥೆಗಳು ಇಂಟರ್ನ್‌ಗಳನ್ನು ಹೆಚ್ಚಾಗಿ ಆರಿಸೋದು ತಾವು ಪ್ರತಿ ವರ್ಷ ಹೋಗುವ ನಗರದ ಕಾಲೇಜು ಮತ್ತು ಬಿಸಿನೆಸ್ ಸ್ಕೂಲುಗಳಿಂದ. ಆಯ್ಕೆ ಹಿಂದಿನ ವರ್ಷದ ಆಗಸ್ಟ್‌ನಿಂದಲೇ ಶುರುವಾಗಿ ಚಳಿಗಾಲಕ್ಕೆ ಬಹುತೇಕ ಮುಗಿದಿರುತ್ತೆ. ಮೇ ತಿಂಗಳಲ್ಲಿ ಅರ್ಜಿ ಹಾಕೋಕೆ ಹೊರಟರೆ ಬಸ್ಸು ಹೋಗಿ ಆರು ತಿಂಗಳಾಗಿರುತ್ತೆ. ಆನ್‌ಲೈನ್ ಅರ್ಜಿಗೂ ಅವಕಾಶ ಇದೆ, ಆದರೆ ಅಲ್ಲಿ ಸ್ಪರ್ಧೆ ಇಡೀ ದೇಶದ ಜೊತೆ.

ತಾಲ್ಲೂಕಿನವರಿಗೆ ಹೆಚ್ಚು ನ್ಯಾಯವಾದ ದಾರಿ ಸಿಎ. ಪಿಯುಸಿ ಆದ ಮೇಲೆ ಫೌಂಡೇಷನ್ ಪರೀಕ್ಷೆ ಬರೆಯಬಹುದು. ಬಿಕಾಂನಲ್ಲಿ ಶೇ 55 ಬಂದಿದ್ದರೆ ನೇರ ಇಂಟರ್‌ಮೀಡಿಯೆಟ್‌ಗೇ ಸೇರಬಹುದು. 2023ರ ಹೊಸ ಪದ್ಧತಿಯಲ್ಲಿ ಇಂಟರ್‌ನ ಎರಡೂ ಗುಂಪು ಪಾಸಾದ ನಂತರ ಆರ್ಟಿಕಲ್‌ಶಿಪ್. ಮೊದಲು ಮೂರು ವರ್ಷ ಇದ್ದದ್ದು ಈಗ ಎರಡು ವರ್ಷ. ಬಿಗ್ ಫೋರ್ ಬಳಗದ ಸಂಸ್ಥೆಗಳು ಆರ್ಟಿಕಲ್ ವಿದ್ಯಾರ್ಥಿಗಳನ್ನೂ ತಗೊಳ್ತವೆ. ಪರೀಕ್ಷೆ ಕಷ್ಟ, ಪಾಸಾಗುವವರು ಕಡಿಮೆ, ನಿಜ. ಆದರೆ ಪ್ರಶ್ನೆಪತ್ರಿಕೆಗೆ ನೀವು ಯಾವ ಊರಿನ ಕಾಲೇಜು ಅನ್ನೋದು ಗೊತ್ತಿರಲ್ಲ.

ಮನೆಯ ಲೆಕ್ಕ

ಸೀಟು ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ತಿಪಟೂರಿನಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರ್. ದಿನಾ ಓಡಾಡೋ ಮಾತಲ್ಲ. ಯಶವಂತಪುರದಲ್ಲಿ ಇಳಿದು ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ವೈಟ್‌ಫೀಲ್ಡ್ ಕಡೆ ಹೋಗೋದೇ ಇನ್ನೊಂದು ಪ್ರಯಾಣ. ಪಿಜಿ ಹಿಡಿಯಲೇಬೇಕು. ಕೋಣೆ ಹಂಚಿಕೊಂಡರೂ ಊಟ ಸೇರಿ ತಿಂಗಳಿಗೆ 8ರಿಂದ 12 ಸಾವಿರ. ಓಡಾಟ, ಮಧ್ಯಾಹ್ನದ ಊಟ, ನಾಲ್ಕು ಜೊತೆ ಬಟ್ಟೆ ಸೇರಿದರೆ ಎರಡು ತಿಂಗಳಿಗೆ 30 ಸಾವಿರ ದಾಟುತ್ತೆ.

ಸ್ಟೈಪೆಂಡ್ ಬರಲ್ವಾ? ದೊಡ್ಡ ಸಂಸ್ಥೆಗಳು ಸಾಮಾನ್ಯವಾಗಿ ಕೊಡ್ತವೆ. ಆದರೆ ಅದು ಬರೋದು ತಿಂಗಳು ಮುಗಿದ ಮೇಲೆ, ಪಿಜಿಯವರು ಅಡ್ವಾನ್ಸ್ ಕೇಳೋದು ಮೊದಲ ದಿನ. ಸರಕು ಮೊದಲು ಕೊಂಡು ಸಾಲಕ್ಕೆ ಮಾರಿದ ವ್ಯಾಪಾರಿಗೆ ಈ ಸಂಕಟ ಗೊತ್ತು. ಬೆಂಗಳೂರಿನ ಹುಡುಗ ಅಮ್ಮನ ಕೈ ಊಟ ಮಾಡಿ ಕಚೇರಿಗೆ ಹೋಗ್ತಾನೆ. ತಾಲ್ಲೂಕಿನ ಹುಡುಗಿಗೆ ಅದೇ ಅವಕಾಶಕ್ಕೆ ಮುಂಗಡ ಬಂಡವಾಳ ಬೇಕು. ಇದನ್ನು ಯಾವ ಜಾಹೀರಾತೂ ಹೇಳಲ್ಲ. ಹೋಗುವ ಮೊದಲು ಮೂರು ಪ್ರಶ್ನೆ ಕೇಳಿ: ಸ್ಟೈಪೆಂಡ್ ಎಷ್ಟು, ಯಾವ ತಾರೀಖು, ಲ್ಯಾಪ್‌ಟಾಪ್ ಅವರು ಕೊಡ್ತಾರಾ?

ಕೆಲಸದ ಹೊರೆ

ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುತ್ತೆ. ಷೇರುಪೇಟೆಯಲ್ಲಿರುವ ಕಂಪನಿಗಳು 60 ದಿನದೊಳಗೆ ಆಡಿಟ್ ಆದ ಲೆಕ್ಕ ಕೊಡಬೇಕು. ಅಂದ್ರೆ ಏಪ್ರಿಲ್, ಮೇ ಆಡಿಟ್ ತಂಡಗಳಿಗೆ ಸುಗ್ಗಿಯ ಕಾಲ. ರಾತ್ರಿ ತಡವಾಗೋದು ಅಪರೂಪವಲ್ಲ.

2024ರ ಜುಲೈನಲ್ಲಿ ಪುಣೆಯ ಇವೈ ಕಚೇರಿ ಸೇರಿ ನಾಲ್ಕು ತಿಂಗಳಾಗಿದ್ದ ಕೇರಳದ 26 ವರ್ಷದ ಸಿಎ ಒಬ್ಬರು ತೀರಿಕೊಂಡರು. ಅತಿಯಾದ ಕೆಲಸವೇ ಮಗಳನ್ನು ಬಲಿ ತೆಗೆದುಕೊಂಡಿತು ಎಂದು ತಾಯಿ ಬರೆದ ಪತ್ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಚರ್ಚೆಯಾಯಿತು. ಕೆಲಸದ ಒತ್ತಡ ಸಾವಿಗೆ ಕಾರಣ ಎಂಬುದನ್ನು ಸಂಸ್ಥೆ ಒಪ್ಪಲಿಲ್ಲ. ಕೇಂದ್ರ ಕಾರ್ಮಿಕ ಸಚಿವಾಲಯ ವಿಚಾರಣೆ ಕೈಗೊಳ್ಳುವುದಾಗಿ ಹೇಳಿತು. ಆಕೆ ಇಂಟರ್ನ್ ಅಲ್ಲ, ಖಾಯಂ ಉದ್ಯೋಗಿ. ಆದರೂ ಮಕ್ಕಳನ್ನು ಕಳಿಸೋ ಮನೆಯವರು ಇದನ್ನು ಮರೆಯುವ ಹಾಗಿಲ್ಲ. 'ಇಷ್ಟು ದೊಡ್ಡ ಕಂಪನಿ, ಸಹಿಸ್ಕೋ' ಅಂತ ಫೋನಲ್ಲಿ ಹೇಳೋ ಮೊದಲು ಮಗು ಊಟ, ನಿದ್ದೆ ಮಾಡ್ತಿದೆಯಾ ಅಂತ ಕೇಳಿ. ಆಗ್ತಿಲ್ಲ ಅಂದ್ರೆ ಬಿಟ್ಟು ಬಾ ಅನ್ನೋ ಧೈರ್ಯ ಮನೆಯಿಂದಲೇ ಸಿಗಬೇಕು.

ದುಡ್ಡು ಕೇಳಿದ್ರೆ ಅದು ಮೋಸ

'ಬಿಗ್ ಫೋರ್ ಇಂಟರ್ನ್‌ಶಿಪ್ ಗ್ಯಾರಂಟಿ, ನೋಂದಣಿ ಶುಲ್ಕ ಮಾತ್ರ' ಅನ್ನೋ ಸಂದೇಶ ಬಂದರೆ ಅಲ್ಲಿಗೇ ನಿಲ್ಲಿಸಿ. ನೇಮಕಾತಿಗೆ ಹಣ ಪಡೆಯುವುದಿಲ್ಲ ಎಂದು ಈ ಸಂಸ್ಥೆಗಳೇ ತಮ್ಮ ಜಾಲತಾಣಗಳಲ್ಲಿ ಎಚ್ಚರಿಕೆ ಹಾಕಿವೆ. ಜಿಮೇಲ್ ವಿಳಾಸದಿಂದ ಬಂದ ಆಫರ್ ಪತ್ರ, ಯುಪಿಐನಲ್ಲಿ 'ಸೆಕ್ಯುರಿಟಿ ಡೆಪಾಸಿಟ್' ಕೇಳೋದು, ವಾಟ್ಸ್ಆ್ಯಪ್‌ನಲ್ಲೇ ಸಂದರ್ಶನ ಮುಗಿಸೋದು ಎಲ್ಲವೂ ಮೋಸದ ಗುರುತು. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಇನ್ನೊಂದು ಗೊಂದಲ ಇದೆ. ಫೋರೇಜ್ ಅನ್ನೋ ತಾಣದಲ್ಲಿ ಈ ಸಂಸ್ಥೆಗಳ ಹೆಸರಿನ ಮಾದರಿ ಕೆಲಸಗಳು ಉಚಿತವಾಗಿ ಸಿಗುತ್ತವೆ. ಕೆಲವು ಗಂಟೆಯಲ್ಲಿ ಮುಗಿಸಿದರೆ ಪ್ರಮಾಣಪತ್ರವೂ ಬರುತ್ತೆ. ಕಲಿಯೋಕೆ ಒಳ್ಳೇದು. ಆದರೆ ಅದು ಅಲ್ಲಿ ಕೆಲಸ ಮಾಡಿದ ಅನುಭವ ಅಲ್ಲ. ಬಯೋಡೇಟಾದಲ್ಲಿ 'ಇಂಟರ್ನ್' ಅಂತ ಬರೆದುಕೊಂಡರೆ ಸಂದರ್ಶನದಲ್ಲಿ ಸಿಕ್ಕಿಬೀಳ್ತಾರೆ. ಉಚಿತವಾಗಿ ಸಿಗೋ ಇದನ್ನೇ ಯಾರಾದ್ರೂ ಹಣಕ್ಕೆ ಮಾರಿದ್ರೆ ಕೊಳ್ಳಬೇಡಿ.

ಸರ್ಕಾರದ ಯೋಜನೆ ಇಲ್ವಾ?

ಇದೆ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್ 3ರಂದು ಪ್ರಾಯೋಗಿಕವಾಗಿ ಶುರುವಾಯ್ತು. ಆಗಿನ ನಿಯಮದಂತೆ 12 ತಿಂಗಳ ಅವಧಿ, ತಿಂಗಳಿಗೆ 5 ಸಾವಿರ, ಒಂದು ಬಾರಿ 6 ಸಾವಿರ. ವಯಸ್ಸು 21ರಿಂದ 24, ಮನೆಯಲ್ಲಿ ಯಾರ ವಾರ್ಷಿಕ ಆದಾಯವೂ 8 ಲಕ್ಷ ಮೀರಿರಬಾರದು, ಪೂರ್ಣಾವಧಿ ಓದು, ಕೆಲಸ ಇರಬಾರದು. ಸಿಎ, ಎಂಬಿಎ ಆದವರಿಗಿಲ್ಲ. ಹಾಗಾಗಿ ಇದು ಡಿಗ್ರಿ ಮುಗಿಸಿ ಕೂತವರಿಗೆ, ರಜೆಯಲ್ಲಿರುವ ವಿದ್ಯಾರ್ಥಿಗಲ್ಲ. ಇದಕ್ಕೆ ಕಂಪನಿಗಳನ್ನು ಆರಿಸಿದ್ದು ಅವುಗಳ ಸಿಎಸ್‌ಆರ್ ಖರ್ಚಿನ ಆಧಾರದಲ್ಲಿ. ಬೆಂಗಳೂರಿನ ಬಾಡಿಗೆ ಮುಂದೆ 5 ಸಾವಿರ ಏನೂ ಅಲ್ಲ, ಊರಿಗೆ ಹತ್ತಿರದ ಕಡೆ ಸಿಕ್ಕರೆ ಉಪಯೋಗ. ಅರ್ಜಿ ಹಾಕುವ ಮುಂಚೆ ಈಗಿನ ನಿಯಮ ನೋಡಿಕೊಳ್ಳಿ.

ಊರಲ್ಲೇ ಶುರುವಾಗಲಿ

ತಾಲ್ಲೂಕಿನ ಆಡಿಟರ್ ಮತ್ತು ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ರಿಟರ್ನ್ಸ್, ಟ್ಯಾಕ್ಸ್ ಆಡಿಟ್ ಕೆಲಸ ತುಂಬಿರುತ್ತೆ, ಕೈ ಸಾಲದು. ನಿಜವಾದ ಬಿಲ್, ನಿಜವಾದ ನೋಟಿಸ್, ಜಗಳ ಆಡೋ ನಿಜವಾದ ಗ್ರಾಹಕ ಎಲ್ಲಾ ಅಲ್ಲೇ ಇದ್ದಾರೆ. ಎರಡು ತಿಂಗಳು ಅಲ್ಲಿ ಜಿಎಸ್‌ಟಿ ತಾಳೆ ಹಾಕಿ, ಎಕ್ಸೆಲ್‌ನಲ್ಲಿ ವಿಲುಕಪ್, ಪಿವೊಟ್ ಟೇಬಲ್ ಕಲಿತ ವಿದ್ಯಾರ್ಥಿಗೆ ಬೆಂಗಳೂರಿನ ಸಂದರ್ಶನದಲ್ಲಿ ಹೇಳೋಕೆ ಮಾತಿರುತ್ತೆ. ಹಣ ಕೊಟ್ಟು ತಂದ ಪ್ರಮಾಣಪತ್ರಕ್ಕೆ ಆ ಮಾತು ಇರಲ್ಲ.

ಇದಕ್ಕೆ ಆಡಿಟರ್‌ಗಳೂ ಓಡಾಟದ ಖರ್ಚಿನಷ್ಟಾದರೂ ಕೊಡಬೇಕು. ಪುಕ್ಕಟೆ ದುಡಿಸಿಕೊಳ್ಳೋದು ನಗರದ ರೋಗ, ಅದನ್ನು ಇಲ್ಲಿಗೆ ತರೋದು ಬೇಡ. ಕಾಲೇಜುಗಳ ಉದ್ಯೋಗ ಮಾಹಿತಿ ಕೋಶಗಳು ಆಗಸ್ಟ್‌ನಲ್ಲೇ ಅರ್ಜಿ ತಾರೀಖುಗಳನ್ನು ನೋಟಿಸ್ ಬೋರ್ಡಿಗೆ ಹಾಕಲಿ. ಈ ಊರಿನಿಂದ ಹೋಗಿ ಆ ಕಚೇರಿಗಳಲ್ಲಿ ಕೂತಿರುವ ಹಳೆ ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆ ಕರೆಸಿ ಮಾತಾಡಿಸಲಿ. ವರ್ತಕರ ಸಂಘ ಮನಸ್ಸು ಮಾಡಿದರೆ ಆಯ್ಕೆಯಾದ ಮಕ್ಕಳಿಗೆ ಪಿಜಿ ಅಡ್ವಾನ್ಸಿನಷ್ಟು ಕೈಗಡ ಕೊಟ್ಟು, ಸ್ಟೈಪೆಂಡ್ ಬಂದ ಮೇಲೆ ವಾಪಸ್ ಪಡೆಯಬಹುದು. ಮಂಡಿಯಲ್ಲಿ ದಿನವೂ ನಡೆಯೋ ವ್ಯವಹಾರಕ್ಕಿಂತ ಇದು ದೊಡ್ಡದೇನಲ್ಲ.

ಈ ಬೇಸಿಗೆ ತಪ್ಪಿದವರು ಮುಂದಿನ ಬೇಸಿಗೆಗೆ ಕಾಯೋದು ಬೇಡ. ಅರ್ಜಿಯ ಕಾಲ ಶುರುವಾಗೋದು ಆಗಸ್ಟ್‌ನಲ್ಲಿ.