ಇದರಲ್ಲಿ ಅಜ್ಜಿ ಎಲ್ಲಿ?

ಹೋದ ಚಳಿಗಾಲದಲ್ಲಿ ನಾನೊಂದು ಸಣ್ಣಕತೆ ಬರೆದೆ. ನಗಬೇಡಿ. ಹೊರದೇಶಕ್ಕೆ ಬಂದ ಮೇಲೆ ನಮ್ಮಂಥ ಕೀಬೋರ್ಡ್ ಕುಟ್ಟುವವರಿಗೆ ಒಂದಲ್ಲಾ ಒಂದು ದಿನ ಬರೋ ಕಾಯಿಲೆ ಇದು. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಹೀಟರಿನ ಸದ್ದು, ಫ್ರಿಜ್ಜಿನಲ್ಲಿ ಮೂರು ದಿನದ ಸಾರು... ಇಷ್ಟು ಸಾಕು, ಊರು ನೆನಪಾಗಿ ಕತೆ ಶುರುವಾಗತ್ತೆ. ನನ್ನದು ಅಜ್ಜಿಯ ಸಾವಿನ ಕತೆ. ರಾತ್ರಿ ಎರಡು ಗಂಟೆಗೆ ಫೋನು, ಟಿಕೆಟ್ಟಿಗಾಗಿ ಪರದಾಟ, ಫ್ರಾಂಕ್‌ಫರ್ಟ್ ಏರ್‌ಪೋರ್ಟಿನ ಗಾಜಿನಲ್ಲಿ ಕಂಡ ನನ್ನದೇ ಮುಖ. ತಿಪಟೂರು ಸೇರುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಬರೆದು ಮುಗಿಸಿ, ಕಣ್ಣೊರೆಸಿಕೊಂಡು, ಬೆಂಗಳೂರಿನಲ್ಲಿರೋ ಅಕ್ಕನಿಗೆ ಕಳಿಸಿದೆ.

ಮಾರನೇ ದಿನ ಅವಳ ಫೋನು. "ಚೆನ್ನಾಗಿದೆ ಕಣೋ, ಅಳು ಬಂತು. ಆದ್ರೆ ಇದ್ರಲ್ಲಿ ಅಜ್ಜಿ ಎಲ್ಲಿ? ಪೂರ್ತಿ ನೀನೇ ಇದೀಯಲ್ಲ!"

ಸಿಟ್ಟು ಬಂತು. ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಕತೆ ತೆಗೆದು ನೋಡಿದರೆ ಅಕ್ಕ ಹೇಳಿದ್ದು ನಿಜ. ಐದು ಪುಟದಲ್ಲಿ ಅಜ್ಜಿ ಒಂದೇ ಒಂದು ಮಾತೂ ಆಡಿರಲಿಲ್ಲ. ಅವಳ ಬಗ್ಗೆ ಬರೀಬೇಕು ಅಂತಲೇ ಕೂತಿದ್ದೆ, ಅದರಲ್ಲಿ ಮೋಸ ಇರಲಿಲ್ಲ. ಆದರೆ "ನಾನು" ಅಂತ ಶುರು ಮಾಡಿದ್ದೇ ತಡ, ಕತೆ ತಾನಾಗೇ ನನ್ನ ಅಪರಾಧಿ ಭಾವದ ಕಡೆ ತಿರುಗಿಬಿಟ್ಟಿತ್ತು.

ಪಿಯುಸಿಯಲ್ಲಿ ಕನ್ನಡ ಪರೀಕ್ಷೆಗೆ ನಾವು ಓದಿದ ಗೈಡುಗಳಲ್ಲಿ ಕತೆಯ ವಸ್ತು ಅಂತ ಒಂದು ಪ್ಯಾರಾ, ನಿರೂಪಣಾ ತಂತ್ರ ಅಂತ ಇನ್ನೊಂದು ಪ್ಯಾರಾ ಇರ್ತಿತ್ತು. ಆಮೇಲೆ ಎಂಜಿನಿಯರಿಂಗ್ ಓದಿ ನನಗೆ ಅದೇ ಸರಿ ಅನ್ನಿಸಿಬಿಟ್ಟಿತ್ತು. ವಸ್ತು ಅಂದ್ರೆ ರಿಕ್ವೈರ್‌ಮೆಂಟು, ತಂತ್ರ ಅಂದ್ರೆ ಇಂಪ್ಲಿಮೆಂಟೇಶನ್ನು. ಒಂದೇ ಕೆಲಸವನ್ನ ಜಾವಾದಲ್ಲಾದರೂ ಮಾಡಿ, ಸಿ ಪ್ಲಸ್ ಪ್ಲಸ್‌ನಲ್ಲಾದರೂ ಮಾಡಿ, ಕಸ್ಟಮರನಿಗೆ ಕಾಣೋದು ಒಂದೇ. ಕತೆಗೆ ಈ ಲೆಕ್ಕ ನಡೆಯೋದಿಲ್ಲ ಅಂತ ಗೊತ್ತಾಗೋಕೆ ಅಕ್ಕನ ಬಾಯಿಂದ ಬೈಸಿಕೊಳ್ಳಬೇಕಾಯ್ತು. ಹೇಳುವವನನ್ನ ಬದಲಾಯಿಸಿದರೆ ಕತೆಯ ವಸ್ತುವೇ ಬದಲಾಗಿಬಿಡತ್ತೆ ಅನ್ನೋದು ನನ್ನ ಈಗಿನ ವಾದ.

ಮಾಸ್ತಿಯವರ "ರಂಗಪ್ಪನ ಮದುವೆ"ಯನ್ನೇ ತಗೊಳ್ಳಿ. ಬೆಂಗಳೂರಿಗೆ ಹೋಗಿ ಇಂಗ್ಲಿಷ್ ಕಲಿತು ಬಂದ ರಂಗ, ಹೊಸಹಳ್ಳಿಯ ಜನ ಅವನನ್ನ ನೋಡೋಕೆ ಮುಗಿಬೀಳೋದು, ಚಿಕ್ಕ ಹುಡುಗೀನ ಮದುವೆಯಾಗಲ್ಲ ಅಂತ ಅವನ ಹಟ. ಕತೆ ಹೇಳೋ ಶ್ಯಾಮ ಉಪಾಯ ಮಾಡಿ ಹನ್ನೊಂದು ವರ್ಷದ ರತ್ನಳ ಹಾಡು ಅವನ ಕಿವಿಗೆ ಬೀಳೋ ಹಾಗೆ ಮಾಡ್ತಾನೆ. ಅವಳಿಗೆ ಆಗಲೇ ಮದುವೆಯಾಗಿದೆ ಅಂತ ಸುಳ್ಳು ಹೇಳಿ ರಂಗನ ಮುಖ ಬಾಡೋದನ್ನ ನೋಡ್ತಾನೆ. ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು ಜ್ಯೋತಿಷ್ಯದ ನಾಟಕ ಆಡಿಸ್ತಾನೆ. ಶ್ಯಾಮ ಇದನ್ನೆಲ್ಲಾ ನಮ್ಮ ಪಕ್ಕ ಜಗಲಿ ಮೇಲೆ ಕೂತು, ಎಲೆಯಡಿಕೆ ಹಾಕಿಕೊಳ್ಳುತ್ತಾ ಹೇಳಿದ ಹಾಗಿರತ್ತೆ. ಊರಿನ ಮಾವಿನಕಾಯಿಯ ಹುಳಿ ವರ್ಣಿಸಿಕೊಂಡೇ ನಮ್ಮನ್ನ ತನ್ನ ಪಿತೂರಿಯಲ್ಲಿ ಪಾಲುದಾರರನ್ನಾಗಿ ಮಾಡಿಕೊಳ್ತಾನೆ. ಮೊದಲೇ ಗುಟ್ಟು ಗೊತ್ತಿರೋದ್ರಿಂದ ನಮಗೆ ಅದು ಮೋಸ ಅನ್ನಿಸೋದೇ ಇಲ್ಲ, ತಮಾಷೆ ಅನ್ನಿಸತ್ತೆ. ಊರು ಅಂದ್ರೆ ಪರಸ್ಪರರ ಬಾಳಿನಲ್ಲಿ ಪ್ರೀತಿಯಿಂದ ಕೈಹಾಕೋ ಜನ, ಇಂಗ್ಲಿಷ್ ಓದಿದವನನ್ನೂ ಅದು ಮೆಲ್ಲಗೆ ವಾಪಸ್ ಎಳಕೊಳ್ಳತ್ತೆ ಅನ್ನೋದೇ ಕತೆಯ ಭಾವ ಆಗತ್ತೆ.

ಅದೇ ಮದುವೇನ ರತ್ನ ಹೇಳಿದ್ದರೆ? ಘಟನೆ ಒಂದೂ ಬದಲಾಗೋದು ಬೇಡ. ಹಾಡು ಅಂದರು, ಹಾಡಿದೆ. ಯಾರೋ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಮದುವೆ ಆಯ್ತು. ಅಷ್ಟೇ. ಅವಳನ್ನ ಯಾರೂ ಏನೂ ಕೇಳಲೇ ಇಲ್ಲ ಅನ್ನೋದು ಆಗ ಕತೆಯ ನಡುಮಧ್ಯೆ ಬಂದು ಕೂರತ್ತೆ. ಇದನ್ನ ಮಾಸ್ತಿಯವರ ಮೇಲೆ ದೂರು ಅಂತ ತಿಳ್ಕೋಬೇಡಿ, ನನಗೆ ಈಗಲೂ ಆ ಕತೆ ಇಷ್ಟ. ಶ್ಯಾಮನ ಮಾತಿನ ರುಚಿಗೆ ನಾವು ಎಷ್ಟು ಸುಲಭವಾಗಿ ತಲೆದೂಗ್ತೀವಿ ನೋಡಿ ಅಂತ ಮಾತ್ರ ಹೇಳ್ತಿದ್ದೀನಿ.

ನನಗೆ ಹೆಚ್ಚು ಕಾಟ ಕೊಟ್ಟಿದ್ದು ಅನಂತಮೂರ್ತಿಯವರ "ಸೂರ್ಯನ ಕುದುರೆ". ಓದಿ ದೊಡ್ಡವನಾಗಿ ಊರಿಗೆ ಬಂದ ಅನಂತು, ಅಲ್ಲೇ ಉಳಿದುಹೋದ ಬಾಲ್ಯದ ಗೆಳೆಯ ಹಡೆ ವೆಂಕಟ. ವೆಂಕಟನಿಗೆ ದುಡ್ಡಿಲ್ಲ, ಹೆಂಡತಿಗೆ ಗೋಳು ತಪ್ಪಿದ್ದಲ್ಲ, ಮಗನಿಗೆ ಅಪ್ಪನನ್ನ ಕಂಡರಾಗಲ್ಲ. ಆದರೂ ಅವನು ಅನಂತುವಿನ ತಲೆಗೆ ಎಣ್ಣೆ ತಟ್ಟಿ ಅಭ್ಯಂಜನ ಮಾಡಿಸ್ತಾ ಯಾವುದೋ ಲೋಕಕ್ಕೆ ಕರಕೊಂಡು ಹೋಗಿಬಿಡ್ತಾನೆ. ಪರಂಪರೆ ಮತ್ತು ಆಧುನಿಕತೆಯ ಮುಖಾಮುಖಿ ಅಂತ ಈ ಕತೆ ಬಗ್ಗೆ ಸಲೀಸಾಗಿ ಹೇಳಿ ಮುಗಿಸಬಹುದು. ಆದರೆ ಆ ಮುಖಾಮುಖಿ ನಡೆಯೋದು ಎಲ್ಲಿ? ಅನಂತುವಿನ ತಲೆಯೊಳಗೆ. ವೆಂಕಟನ ಒಳಗೆ ನಾವು ಒಂದು ಸಲವೂ ಹೋಗೋದಿಲ್ಲ. ಅವನ ನೆಮ್ಮದಿ ನಿಜವೋ, ಸೋಮಾರಿತನಕ್ಕೆ ಹಾಕಿದ ಮುಸುಕೋ ಅಂತ ಅನಂತುವಿಗೇ ಗೊತ್ತಿಲ್ಲ. ಅವನಿಗೆ ಅಸಹ್ಯನೂ ಆಗತ್ತೆ, ಹೊಟ್ಟೆಕಿಚ್ಚೂ ಆಗತ್ತೆ. ಆ ಅನುಮಾನ ಇರೋದ್ರಿಂದಲೇ ಕತೆಗೆ ಬಿಸಿ. ವೆಂಕಟನೇ ಹೇಳಿದ್ದರೆ ಎಣ್ಣೆಸ್ನಾನದ ಸುಖ ಉಳೀತಿತ್ತು, ತಳಮಳ ಹೋಗ್ತಿತ್ತು. ಹೆಂಡತಿ ಹೇಳಿದ್ದರೆ, ಬಂದವರಿಗೆಲ್ಲಾ ಎಣ್ಣೆ ಹಚ್ಚುತ್ತಾ ಮನೆ ಮರೆತ ಗಂಡನ ಕತೆ ಆಗ್ತಿತ್ತು, ಅದರಲ್ಲಿ ಪರಂಪರೆಯ ಸುಳಿವೂ ಇರ್ತಿರಲಿಲ್ಲ!

ಎರಡು ವರ್ಷಕ್ಕೊಮ್ಮೆ ಸೂಟ್‌ಕೇಸಿನ ತುಂಬಾ ಚಾಕ್ಲೇಟು ತುಂಬಿಕೊಂಡು ಊರಿಗೆ ಹೋಗೋ ನಮಗೆ ಅನಂತು ಚೆನ್ನಾಗೇ ಪರಿಚಯ. ನಾವು ಬರೆಯೋ ಕತೆಗಳಲ್ಲಿ ಮುಕ್ಕಾಲು ಪಾಲು ಅವನ ಕುರ್ಚಿಯಲ್ಲೇ ಕೂತು ಬರೆದಿದ್ದು. ವ್ಯತ್ಯಾಸ ಏನಂದ್ರೆ, ಅನಂತಮೂರ್ತಿ ಅನಂತುವನ್ನೂ ಅನುಮಾನದಿಂದ ನೋಡ್ತಾರೆ. ನಾವು ನಮ್ಮ "ನಾನು"ವಿನ ಕಣ್ಣೀರನ್ನ ಹಾಗೇ ನಂಬಿಬಿಡ್ತೀವಿ. ಹೀಗಾಗಿ ಅಜ್ಜಿ, ಅಪ್ಪ, ಹಳೇ ಮನೆ, ಹಲಸಿನ ಮರ, ಯಾವುದರ ಬಗ್ಗೆ ಬರೆದರೂ ಕೊನೆಗೆ ವಸ್ತು ಒಂದೇ, ಅಯ್ಯೋ ನಾನು ಅಲ್ಲಿರಲಿಲ್ಲ.

"ನಾನು" ಅಂತ ಬರೆಯೋದೇ ತಪ್ಪಾ? ಖಂಡಿತಾ ಅಲ್ಲ. ವೈದೇಹಿಯವರ "ಅಮ್ಮಚ್ಚಿಯೆಂಬ ನೆನಪು" ಕೂಡ ನಾನು ಅಂತಲೇ ಇದೆ. ಆದರೆ ಆ ನಾನು ಅಮ್ಮಚ್ಚಿಯ ಹಿಂದೆ ಮುಂದೆ ಸುಳಿಯೋ ಪುಟ್ಟ ಹುಡುಗಿ. ಅವಳಿಗೆ ಕಾಣೋದರಲ್ಲಿ ಅರ್ಧ ಅರ್ಥವಾಗಲ್ಲ, ಅರ್ಥವಾಗದ ಆ ಅರ್ಧವನ್ನ ನಾವು ತುಂಬಿಕೊಳ್ಳುವಾಗ ಅಮ್ಮಚ್ಚಿಯ ಉಸಿರುಕಟ್ಟು ನಮ್ಮದಾಗತ್ತೆ.

ಇರಲಿ, ನನ್ನ ಕತೆಗೆ ಬರ್ತೀನಿ. ಎರಡನೇ ಸಲ "ನಾನು" ಅನ್ನೋದನ್ನ ಪೂರ್ತಿ ತೆಗೆದು, ಅಜ್ಜಿಯ ಒಂದು ಭಾನುವಾರ ಬರೆಯೋಕೆ ಕೂತೆ. ನಾಲ್ಕಕ್ಕೆ ಏಳೋದು, ಕೊಟ್ಟಿಗೆ, ಒಲೆ, ಅಟ್ಟದ ಮೇಲಿನ ಕೊಬ್ಬರಿಗೆ ಯಾವಾಗ ಕೈಹಾಕಬೇಕು ಅನ್ನೋ ಲೆಕ್ಕ. ಒಂದು ಪುಟ ದಾಟುವಷ್ಟರಲ್ಲಿ ಅಜ್ಜಿ ತೋಟದ ಬಾವಿ ಹತ್ರ ಹೋಗಿ ನಿಂತಿದ್ದಳು. ಆ ಬಾವಿಯ ಪಾಲಿನ ವಿಷಯಕ್ಕೆ ಅವಳಿಗೂ ಅವಳ ಮೈದುನನಿಗೂ ಮೂವತ್ತು ವರ್ಷ ಮಾತಿರಲಿಲ್ಲ. ಮೊದಲ ಕತೆಯಲ್ಲಿ ಬಾವಿಯ ಹೆಸರೇ ಇರಲಿಲ್ಲ ನೋಡಿ! ನಾನು ಅಮೆರಿಕದಿಂದ ಮಾಡ್ತಿದ್ದ ಫೋನು? ಅದೂ ಬಂತು, ಸಂಜೆ ಹತ್ತು ನಿಮಿಷ. "ಊಟ ಆಯ್ತಾ ಮಗಾ" ಅಂತ ಕಿರುಚಿ, ಅಮ್ಮನ ಕೈಗೆ ಕೊಟ್ಟು, ಮತ್ತೆ ಬಾವಿಯ ಯೋಚನೆಗೆ ಹೋದಳು. ಅವಳ ಬಾಳಿನಲ್ಲಿ ನನ್ನ ಜಾಗ ಅಷ್ಟೇ ಇದ್ದಿದ್ದು ಅಂತ ಬರೆಯೋವಾಗ ಸ್ವಲ್ಪ ನೋವಾಯ್ತು, ಸುಳ್ಳು ಯಾಕೆ ಹೇಳಲಿ.

ಕತೆ ಈಗ ಅಲ್ಲೇ ನಿಂತಿದೆ. ಆ ಜಗಳ ಶುರುವಾಗಿದ್ದು ಹೇಗೆ ಅಂತ ನನಗೆ ಗೊತ್ತಿಲ್ಲ, ಅಮ್ಮನಿಗೂ ಅರ್ಧಂಬರ್ಧ. "ಅವ್ರ ಮಗನ್ನೇ ಕೇಳು, ಅವ್ನಿಗೆ ಗೊತ್ತಿರತ್ತೆ" ಅಂದಳು ಅಮ್ಮ. ಆ ಚಿಕ್ಕಪ್ಪನ ಮನೆಯವರ ಜೊತೆ ನಮ್ಮನೇಲಿ ಇವತ್ತಿಗೂ ಯಾರೂ ಮಾತಾಡಲ್ಲ. ನಂಬರ್ ಅಕ್ಕ ಎಲ್ಲಿಂದಲೋ ಹುಡುಕಿ ಕಳಿಸಿದ್ದಾಳೆ. ಈ ಭಾನುವಾರ ಮಾಡಬೇಕು.