ಒಂದು ಅಡಿಗಿಮನಿ, ಎರಡು ಸಿಂಕ್

ನನ್ನ ಹೆಂಡತಿ ಕಾರವಾರದಾಕಿ, ಮೀನಿಲ್ಲದೆ ಅನ್ನ ಇಳಿಯೋದಿಲ್ಲ. ಹಿರೇಹಂದಿಗೋಳದ ನಮ್ಮವ್ವನಿಗೆ ತತ್ತಿ ಅಂದರೂ ಆಗೋದಿಲ್ಲ. ಹೀಗಾಗಿ ಊರಿಗೆ ಹೋದರೆ ಎರಡು ದಿನಕ್ಕೇ ವಾಪಸ್ ಬೆಂಗಳೂರು. ಈಗ ಅವ್ವನಿಗೆ ಮೊಣಕಾಲು ನೋವು. ಆರು ತಿಂಗಳು ಊರಿಂದಲೇ ಕೆಲಸ ಮಾಡೋಣ ಅಂದುಕೊಂಡಾಗ ಅಡಿಗಿಮನಿ ಕೆಡವಿ ಕಟ್ಟುವ ಮಾತು ಬಂತು.

ಐಡಿಯಾ ಕೊಟ್ಟಿದ್ದು ನಮ್ಮ ಟೀಮಿನ ಇಸ್ರೇಲಿ ಸಹೋದ್ಯೋಗಿ. ಅವರದು ಕೋಷರ್ ಪಾಲಿಸುವ ಯಹೂದಿ ಮನೆ. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು ಎಂಬ ಮಾತು ತೋರಾದಲ್ಲಿ 3 ಕಡೆ ಬರುತ್ತದೆ. ಅಷ್ಟರಿಂದಲೇ ರಬ್ಬಿಗಳು ಇಡೀ ಅಡುಗೆಮನೆಯ ನಕ್ಷೆ ಬಿಡಿಸಿಬಿಟ್ಟಿದ್ದಾರೆ! ಹಾಲಿಗೊಂದು, ಮಾಂಸಕ್ಕೊಂದು ಪಾತ್ರೆಯ ಸೆಟ್, ಚಾಕು ಬೇರೆ, ಅನುಕೂಲವಿದ್ದರೆ ಸಿಂಕೂ ಬೇರೆ. ಮಾಂಸ ಉಂಡ ಮೇಲೆ ಹಾಲು, ಮೊಸರು ಮುಟ್ಟಲು ಹಲವರು 6 ತಾಸು ಕಾಯ್ತಾರೆ. ಮೀನು, ತತ್ತಿ ಮಾತ್ರ ಅವರ ಲೆಕ್ಕದಲ್ಲಿ ಹಾಲೂ ಅಲ್ಲ ಮಾಂಸವೂ ಅಲ್ಲ, ತರಕಾರಿ ಸಾಲಿನವು. ಇದನ್ನು ಹೆಂಡತಿ ಅವ್ವನ ಮುಂದೆ ಹೇಳಿ ನೋಡಿದಳು. ನಡೆಯಲಿಲ್ಲ.

ಅವ್ವನಿಗೆ ಹಿಡಿಸಿದ್ದು ಪಾತ್ರೆ ಶುದ್ಧಿಯ ನಿಯಮ. ಲೋಹದ ಪಾತ್ರೆಯನ್ನು ತೊಳೆದು, 24 ತಾಸು ಬಳಸದೆ ಇಟ್ಟು, ಕುದಿಯುವ ನೀರಲ್ಲಿ ಮುಳುಗಿಸಿದರೆ ಮತ್ತೆ ಬಳಸಬಹುದು. ಮಣ್ಣಿನ ಪಾತ್ರೆಗೆ ಆ ದಾರಿ ಇಲ್ಲ. "ಖರೇ ಐತಿ, ಗಡಗಿ ಕುಡದದ್ದು ಬಿಡಂಗಿಲ್ಲ" ಅಂದಳು. ಹಾಲಿನ ಪಾತ್ರೆಯಲ್ಲಿ ಬೇರೇನೂ ಕಾಸದ ಆಕೆಗೆ ಯಹೂದಿಗಳು ಒಮ್ಮೆಲೇ ಬೀಗರಂತೆ ಕಂಡರು.

ಗೌಂಡಿಗೆ ಮಾತ್ರ ಅನುಮಾನ. "ಎರಡ ಸಿಂಕ್ ಯಾಕ್ರೀ, ಖಾನಾವಳಿ ತೆಗಿತೀರೇನ್ರಿ?" ಕಡಪ ಕಲ್ಲು ಕಿತ್ತು ಗ್ರಾನೈಟ್ ಹಾಕಿಸಿದೆವು. ಅವ್ವನ ಸಿಂಕ್ ದೊಡ್ಡ ಕಟ್ಟೆಗೆ, ರೊಟ್ಟಿ ಹಂಚಿನ ಪಕ್ಕ. ಹೆಂಡತಿಯದು ಹಿತ್ತಲ ಬಾಗಿಲ ಹತ್ತಿರ. ಜೊತೆಗೆ ಒಂದು ಬರ್ನರಿನ ಒಲೆ, ಅದರ ಮೇಲೆ ಎಕ್ಸಾಸ್ಟ್ ಫ್ಯಾನ್. ನಮ್ಮ ಭಾಷೆಯಲ್ಲಿ ಟೆಸ್ಟ್ ಸರ್ವರ್, ಪ್ರೊಡಕ್ಷನ್ ಸರ್ವರ್ ಬೇರೆ ಮಾಡಿದಂಗ. ಯಾರದು ಯಾವುದು ಅಂತ ಮಾತ್ರ ಕೇಳಬೇಡಿ. ನೀರಿನ ಪೈಪು, ಎರಡನೇ ಸಿಂಕು ಸೇರಿ ಖರ್ಚು ಹೆಚ್ಚಾಯಿತು, ಆದರೆ ಬೆಂಗಳೂರು ಬಸ್ಸಿನ ಟಿಕೆಟ್ ಉಳೀತು.

ಫ್ರಿಜ್ ಇನ್ನೂ ಒಂದೇ. ರುಚಿ ದಾಟುವುದು ಮುಖ್ಯವಾಗಿ ಬಿಸಿಯಲ್ಲಿ, ಹಾಗಾಗಿ ಮುಚ್ಚಿಟ್ಟರೆ ಕೋಷರ್ ಮನೆಗೂ ಒಂದೇ ಫ್ರಿಜ್ ನಡೆಯುತ್ತದೆ ಎಂದು ವಾದಿಸಿದೆ. ಅವ್ವ ಕೆಳಗಿನ ತರಕಾರಿ ಡಬ್ಬಿ ಬಿಟ್ಟುಕೊಡಲು ತಯಾರು. ಹೆಂಡತಿಗೆ ಬೇಕಾಗಿರೋದು ಫ್ರೀಜರ್. ಮಾತುಕತೆ ನಡದೈತಿ.