ನಿಯಮವೂ ನ್ಯಾಯವೂ

1913ನೆಯ ಇಸವಿಯ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ, ಪಿರನೀಸ್ ಪರ್ವತದ ಜಲ್ಲಿಹಾದಿಯ ಮೇಲೆ ಯೂಜೀನ್ ಕ್ರಿಸ್ತೊಫನ ಸೈಕಲ್ಲಿನ ಮುಂದಿನ ಫೋರ್ಕು ಮುರಿಯಿತು. ದುರಸ್ತಿಗೆ ಅನ್ಯರ ನೆರವು ಪಡೆಯಕೂಡದೆಂಬುದು ಅಂದಿನ ಕಟ್ಟುನಿಟ್ಟಿನ ನಿಯಮ. ಆತನು ಸೈಕಲ್ಲನ್ನು ಹೊತ್ತು 10 ಕಿಲೋಮೀಟರಿಗೂ ಮಿಕ್ಕಿ ನಡೆದು, ಹಳ್ಳಿಯ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ ಬೆಸೆದನು. ಹುಡುಗನೊಬ್ಬನು ತಿದಿಯೊತ್ತಿದನೆಂದು ಅಧಿಕಾರಿಗಳು 10 ನಿಮಿಷಗಳ ದಂಡ ವಿಧಿಸಿದರು. ಬಳಿಕ ಅದನ್ನು 3ಕ್ಕೆ ಇಳಿಸಿದರು. ಆತನಾದರೋ ಪಂದ್ಯವನ್ನು ತೊರೆಯದೆ ಏಳನೆಯವನಾಗಿ ಮುಗಿಸಿದನು.

ಈ ದಂಡ ನ್ಯಾಯವಲ್ಲವೆಂದೇ ನಮ್ಮ ಮತ. ಸ್ಪರ್ಧಿಯ ಸ್ವಂತ ದುಡಿಮೆಯನ್ನು ಕಾಯುವುದೇ ನಿಯಮದ ಉದ್ದೇಶ. ಆ ದುಡಿಮೆಯಲ್ಲಿ ಇಲ್ಲಿ ಯಾವ ಕೊರತೆಯಿತ್ತು? ವಿದ್ಯಾರ್ಥಿಗಳೇ, ಪರೀಕ್ಷೆಯಲ್ಲಿ ನಕಲು ಮಾಡುವುದು ತಪ್ಪು. ಆದರೆ ನೆರೆಯವನ ಶಾಯಿ ಮುಗಿದಾಗ ನಿಮ್ಮ ಲೇಖನಿ ಕೊಡುವುದು ನಕಲಲ್ಲ.